ಟಬ್ಬಿಗಿಳಿಯುವ ಅಜ್ಜಿ

ಸಂಧಿವಾತಕ್ಕೆ ಬೆರಳೆಲ್ಲ ಸೊಟ್ಟಗಾದ ಅಜ್ಜಿ. ಎದುರಿಗೆ ಫಾರಂ ಹಿಡಿದ ಪಿಜಿ ವಿದ್ಯಾರ್ಥಿ. "ಸ್ನಾನದ ಟಬ್ಬಿಗೆ ಇಳಿದು ಏಳೋಕೆ ಕಷ್ಟ ಆಗುತ್ತಾ ಅಜ್ಜಿ?" ಅಜ್ಜಿ ಮಗಳ ಮುಖ ನೋಡಿದರು. ಹಿಂದೆ ಓಪಿಡಿ ಕ್ಯೂ ಬೆಳೆಯುತ್ತಿತ್ತು. ಹುಡುಗ 'ಕಷ್ಟವಿಲ್ಲ' ಎಂಬಲ್ಲಿ ಟಿಕ್ ಹಾಕಿ ಮುಂದೆ ಹೋದ. ಎದ್ದು ಹೊರಡುವಾಗ ಅಜ್ಜಿ ಅಂದರು: "ಮುದ್ದೆ ತೊಳಸೋಕೆ ಆಗ್ತಿಲ್ಲ ಕಣಪ್ಪಾ." ಅದಕ್ಕೆ ಫಾರಂನಲ್ಲಿ ಜಾಗವೇ ಇರಲಿಲ್ಲ.

ತಪ್ಪು ಆ ಫಾರಂನದಲ್ಲ. ಅದು 1980ರಲ್ಲಿ ಸ್ಟ್ಯಾನ್‌ಫರ್ಡ್‌ನವರು ತಮ್ಮ ರೋಗಿಗಳಿಗೆಂದು ಪ್ರಕಟಿಸಿದ ಎಚ್‌ಎಕ್ಯೂ (ಹೆಲ್ತ್ ಅಸೆಸ್‌ಮೆಂಟ್ ಕ್ವೆಶ್ಚನೇರ್): 20 ಪ್ರಶ್ನೆ, 8 ಗುಂಪು. ಅಲ್ಲಿಯವರಿಗೆ ಟಬ್ಬು, ವ್ಯಾಕ್ಯೂಮ್ ಕ್ಲೀನರ್ ದಿನನಿತ್ಯದ ಮಾತು. ಆರೋಗ್ಯ ಅಳೆಯುವ ಇನ್ನೊಂದು ಪ್ರಶ್ನಾವಳಿ ಎಸ್‌ಎಫ್-36 ಗಾಲ್ಫ್, ಬೌಲಿಂಗ್‌ಗಳನ್ನೇ ಉದಾಹರಣೆ ಕೊಡುತ್ತದೆ. ಇಂಥವನ್ನು ಹಾಗೇ ತಂದು ನಮ್ಮ ಅಜ್ಜಿಯ ಮುಂದೆ ಹಿಡಿದವರು ನಾವು. ಯಾಕೆಂದು ಕೇಳಿದರೆ "ಸೀನಿಯರ್ ಥೀಸಿಸ್‌ನಲ್ಲಿ ಇದೇ ಇತ್ತು ಸರ್" ಎಂಬ ಉತ್ತರ. ಗೈಡ್ ಎನಿಸಿಕೊಂಡವರೂ ತಲೆಯಾಡಿಸುತ್ತಾರೆ.

ಎರಡು ಪ್ರಶ್ನಾವಳಿಗಳನ್ನು ಹೋಲಿಸುವ ಅಧ್ಯಯನಗಳ ಪಾಡಂತೂ ಕೇಳಲೇಬೇಡಿ. ಒಬ್ಬರಿಂದಲೇ ಎರಡು ಫಾರಂ ತುಂಬಿಸಿ, ಕೋರಿಲೇಷನ್ ತೆಗೆದು, 0.7 ಬಂತೆಂದರೆ 'ಯಾವುದನ್ನಾದರೂ ಬಳಸಬಹುದು' ಎಂದು ಷರಾ ಬರೆಯುವುದು. ಪ್ರತಿ ಸಲ ಕಾಲು ಕೆಜಿ ಹೆಚ್ಚು ತೋರಿಸುವ ತಕ್ಕಡಿಗೂ ಸರಿಯಾದ ತಕ್ಕಡಿಗೂ ಕೋರಿಲೇಷನ್ ಪೂರ್ತಿ 1. ಹಾಗೆಂದು ಅಂಗಡಿಯವನನ್ನು ಬಿಡುತ್ತೀರಾ? ಸಂಖ್ಯಾಶಾಸ್ತ್ರಜ್ಞರಾದ ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ 1986ರಲ್ಲೇ ಲ್ಯಾನ್ಸೆಟ್‌ನಲ್ಲಿ ಈ ಚಾಳಿಯನ್ನು ಖಂಡಿಸಿದ್ದರು. ಎಚ್‌ಎಕ್ಯೂನಲ್ಲಿ 0ಯಿಂದ 3ರವರೆಗೆ ಅಂಕ ಏರಿದಷ್ಟೂ ಸ್ಥಿತಿ ಕೆಟ್ಟದು, ಎಸ್‌ಎಫ್-36ರಲ್ಲಿ 100ರತ್ತ ಏರಿದಷ್ಟೂ ಒಳ್ಳೆಯದು. ಇದನ್ನೂ ಗಮನಿಸದೆ ಕೋಷ್ಟಕ ಹಾಕಿದವರನ್ನು ಕಂಡಿದ್ದೇನೆ. ಕೇಳಬೇಕಾದ್ದು ಬೇರೆಯೇ: ಔಷಧಿ ಹಿಡಿದು ರೋಗಿ ಚೇತರಿಸಿಕೊಂಡಾಗ ಯಾವ ಅಂಕ ಅಲುಗಿತು? ಕಾಯಿಲೆ ಹಗುರವಾಗಿರುವವರೆಲ್ಲ ಯಾವುದರಲ್ಲಿ ಅತ್ಯುತ್ತಮ ಅಂಕಕ್ಕೇ ಅಂಟಿಕೊಂಡರು?

ಬೇರೆ ದಾರಿ ಇಲ್ಲವೆನ್ನುವ ಹಾಗೂ ಇಲ್ಲ. 2002ರಲ್ಲೇ ಭಾರತೀಯ ಎಚ್‌ಎಕ್ಯೂ ಬಂದಿದೆ. ಹನ್ನೆರಡೇ ಪ್ರಶ್ನೆ: ಚಕ್ಕಳಮಕ್ಕಳ ಕೂರುವುದು, ಆಟೋ ಹತ್ತಿ ಇಳಿಯುವುದು, ತರಕಾರಿ ಮಾರುಕಟ್ಟೆಗೆ ಹೋಗಿ ಬರುವುದು ಅದರಲ್ಲಿವೆ. ಯಾವ ಕಾಯಿಲೆಗಾದರೂ ಸಲ್ಲುವ, ವಿಶ್ವ ಆರೋಗ್ಯ ಸಂಸ್ಥೆಯ ಹೂಡಾಸ್ 2.0 ಪ್ರಶ್ನಾವಳಿ ಇದೆ, ಅದರ ಚಿಕ್ಕ ರೂಪಕ್ಕೂ ಹನ್ನೆರಡೇ ಪ್ರಶ್ನೆ. ಹುಡುಕುವ ವ್ಯವಧಾನ ಮಾತ್ರ ನಮ್ಮಲ್ಲಿಲ್ಲ.

ಇನ್ನು ಮುಂದೆ ನನ್ನ ಮೇಜಿಗೆ ಥೀಸಿಸ್ ಸಿನಾಪ್ಸಿಸ್ ತರುವವರು ತಾವು ಆರಿಸಿದ ಪ್ರಶ್ನಾವಳಿಯನ್ನು ಮೊದಲು ಹತ್ತು ರೋಗಿಗಳ ಎದುರು ಕೂತು ಓದಿ, ಅವರು ಎಲ್ಲೆಲ್ಲಿ ಮಿಕಿಮಿಕಿ ನೋಡಿದರೆಂದು ಬರೆದು ತರಬೇಕು. ಆ ಹಾಳೆಯಿಲ್ಲದೆ ಸಹಿ ಇಲ್ಲ.