ಆಟೋ-ಶೇರ್ ಬಂದ್ ಮಾಡ್ರೀ ಮೊದಲು!

ಈ ಸಲದ ಪೋಸ್ಟು ಕೆಲವರಿಗೆ ಖಾರ ಅನ್ನಿಸಬಹುದು. ಅನ್ನಿಸಲಿ.

ಬ್ಲಾಗಿನಲ್ಲಿ 'ಪಬ್ಲಿಶ್' ಒತ್ತಿದ ಕೂಡಲೇ ಫೇಸ್‌ಬುಕ್ ಪೇಜು, ಎಕ್ಸ್, ಟೆಲಿಗ್ರಾಂ, ಮಾಸ್ಟೊಡಾನ್ ಎಲ್ಲ ಕಡೆ ತಾನಾಗೇ ಹೋಗಿ ಬೀಳೋ ಹಾಗೆ ಮಾಡಿಟ್ಟುಕೊಂಡು, ಅದನ್ನೇ ದೊಡ್ಡ ಕನ್ನಡ ಸೇವೆ ಅಂತ ಹೇಳಿಕೊಳ್ಳೋರನ್ನ ನೋಡಿ ನೋಡಿ ಸಾಕಾಗಿದೆ. ಮೆಷಿನ್ನಿನ ಮೇಲೆ ನನಗೇನೂ ಸಿಟ್ಟಿಲ್ಲ. ಒಂದು ಸಿಸ್ಟಮ್ಮಿನಿಂದ ಇನ್ನೊಂದಕ್ಕೆ ಡೇಟಾ ಸಾಗಿಸೋದೇ ನನ್ನ ಹೊಟ್ಟೆಪಾಡು. ಇದರಲ್ಲಿ ಮಾಯಾಜಾಲವೂ ಇಲ್ಲ: ನಿಮ್ಮ ಬ್ಲಾಗಿನ ಆರ್‌ಎಸ್‌ಎಸ್ ಫೀಡನ್ನ ಒಂದು ಪ್ರೋಗ್ರಾಮು ಆಗಾಗ ಬಂದು ಇಣುಕುತ್ತೆ. ಹೊಸದೇನಾದರೂ ಕಂಡರೆ ತಲೆಬರಹ, ಮೊದಲ ಒಂದೆರಡು ಸಾಲು, ಲಿಂಕು ಎತ್ತಿಕೊಂಡು ಹೋಗಿ ಇನ್ನೊಂದು ಗೋಡೆಗೆ ಅಂಟಿಸುತ್ತೆ. ಅಷ್ಟೇ. ನನ್ನ ತಕರಾರು ಇರೋದು ಅದು ಏನನ್ನ ಬಿಟ್ಟು ಹೋಗುತ್ತೆ ಅನ್ನೋದರ ಬಗ್ಗೆ.

ಕನ್ನಡದ ವಾಕ್ಯ ತೀರ್ಮಾನ ಆಗೋದು ಕೊನೆಗೆ. ಹೌದೋ ಅಲ್ಲವೋ ಅನ್ನೋದು ಬಾಲದಲ್ಲಿರುತ್ತೆ. ಉದಾಹರಣೆಗೆ ನಾನೇ ಕಟ್ಟಿದ ಒಂದು ತಲೆಬರಹ:

'ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಲೋಳಸೂರ ಸೇತುವೆ ಮುಳುಗಿದೆ, ಗೋಕಾಕಕ್ಕೆ ಹೋಗೋ ದಾರಿ ಬಂದ್ ಆಗಿದೆ ಅಂತ ಹಬ್ಬಿರೋ ಸುದ್ದಿ ಸುಳ್ಳು'

ತಲೆಬರಹಕ್ಕೆ 100 ಅಂತ ಮಿತಿ ಇಟ್ಟ ಟೂಲಿನ ಬಾಯಿಗೆ ಇದನ್ನ ಕೊಡಿ. ಕಂಪ್ಯೂಟರಿಗೆ ಕೊಂಬು, ದೀರ್ಘ, ಒತ್ತಿಗೆ ಮುಂಚಿನ ವಿರಾಮ, ಎಲ್ಲವೂ ಬೇರೆ ಬೇರೆ ಲೆಕ್ಕ. ನಮಗೆ ಒಂದೇ ಅಕ್ಷರವಾದ 'ಸ್ತ್ರೀ' ಅದಕ್ಕೆ ಆರು. ಹಾಗೆ ಎಣಿಸಿ ನೂರಕ್ಕೆ ಕತ್ತರಿಸಿದರೆ ಕೊನೆಯಲ್ಲಿ ಉಳಿಯೋದು '...ದಾರಿ ಬಂದ್ ಆಗಿದೆ ಅಂತ ಹಬ್ಬ...'. ನೆರೆಯಲ್ಲಿ ಹಬ್ಬ! (ಬೇಕಾದರೆ ನೀವೂ ಎಣಿಸಿ ನೋಡಿ :) ) ಸುಳ್ಳು ಅಂತ ಹೇಳೋಕೆ ಬರೆದ ವಾಕ್ಯವೇ ಸುಳ್ಳನ್ನ ಹಬ್ಬಿಸೋಕೆ ಹೊರಟಿತು. ಇಂಗ್ಲಿಷಿನವರು ಸುಳ್ಳು ಅನ್ನೋ ಮಾತನ್ನ ವಾಕ್ಯದ ಮೊದಲಿಗೇ ಇಡಬಲ್ಲರು, ಬಾಲ ಕತ್ತರಿಸಿದರೂ ತಲೆ ಉಳಿಯುತ್ತೆ. ಆ ಟೂಲು ಬರೆದವರಿಗೆ ನಮ್ಮ ಸಂಕಟ ಹೊಳೆದೇ ಇಲ್ಲ.

ಉದಾಹರಣೆಗೆ ಹಿಡಕಲ್ ಯಾಕೆ ತಗೊಂಡೆ ಅಂದರೆ, ನಮ್ಮ ಕಡೆ ಇದು ಬರೀ ವ್ಯಾಕರಣದ ಮಾತಲ್ಲ. ಡ್ಯಾಮು ಇರೋದು ಹುಕ್ಕೇರಿ ತಾಲೂಕಿನಲ್ಲಿ. ಅಲ್ಲಿಂದ ಬಿಟ್ಟ ನೀರು ಘಟಪ್ರಭಾ ಹಿಡಿದು ಗೋಕಾಕ ಫಾಲ್ಸ್ ಇಳಿದು, ಗೋಕಾಕ ಊರು ದಾಟಿ, ಮೊದಲು ಗೋಕಾಕ ತಾಲೂಕಿನಲ್ಲೇ ಇದ್ದ, ಈಗ ಮೂಡಲಗಿ ತಾಲೂಕಿಗೆ ಸೇರಿದ ಹೊಳೆದಂಡೆ ಊರುಗಳಿಗೆ ಬರುತ್ತೆ. ಡ್ಯಾಮಿನ ಕೆಳಗೆ ಹಿರಣ್ಯಕೇಶಿ, ಗೋಕಾಕದ ಹತ್ತಿರ ಮಾರ್ಕಂಡೇಯ ಬಂದು ಕೂಡಿಕೊಳ್ಳುತ್ತವೆ. ಹೀಗಾಗಿ ಬೆಳಗಿನ ಅಂಕಿ ಸಂಜೆಗೆ ಹಳಸಿರುತ್ತೆ. 2019ರ ಆಗಸ್ಟಿನಲ್ಲಿ ಗೋಕಾಕದ ಓಣಿಗಳೊಳಗೇ ನೀರು ಬಂತು. 2024ರ ಜುಲೈನಲ್ಲಿ ಲೋಳಸೂರ ಸೇತುವೆ ಮತ್ತೆ ನೀರಿನಡಿ ಹೋಯಿತು. ಅಂಥ ದಿನ ದನಕರು ಬಿಚ್ಚಿಕೊಂಡು ಹೊರಡಬೇಕೋ ಬೇಡವೋ ಅಂತ ನಿರ್ಧರಿಸೋ ಮನುಷ್ಯ ಮೊಬೈಲಿನಲ್ಲಿ ಹುಡುಕೋದು ಒಂದನ್ನೇ: ಇದು ಎಷ್ಟು ಗಂಟೆಯ ಸುದ್ದಿ?

ಆಟೋ-ಶೇರ್ ಬಿಟ್ಟು ಹೋಗೋದು ಅದನ್ನೇ. ಫೀಡು ಇಣುಕೋ ಸೇವೆ ಒಂದು ಗಂಟೆ ತಡವಾಗಿ ಬಂದರೆ, ಆ ಕಡೆಯ ಗೋಡೆ ಮೇಲೆ 'ಈಗಷ್ಟೇ' ಅಂತ ಬೀಳುತ್ತೆ. ಇದಕ್ಕಿಂತ ಕೆಟ್ಟದ್ದು ಹಳೇ ಪೋಸ್ಟುಗಳನ್ನ ತಿರುಗಿಸಿ ತಿರುಗಿಸಿ ಹಂಚೋ ಪ್ಲಗಿನ್ನುಗಳು. ಟ್ರಾಫಿಕ್ಕಿಗೆ ಒಳ್ಳೇದಂತೆ! ಮೂಡಲಗಿ ಕಡೆಯ ನನ್ನ ಸಂಬಂಧಿಕರೊಬ್ಬರಿಗೆ ಒಂದು ಮಳೆಗಾಲದ ರಾತ್ರಿ ಹೀಗೇ ಹಳೇ ನೆರೆಯ ಸುದ್ದಿಯೊಂದು ಹೊಸದಾಗಿ ಬಂತು. ಮುದುಕರನ್ನ ಕರಕೊಂಡು ಎತ್ತರದ ಮನೆಗೆ ಹೋಗಿ ಕೂತರು. ಹೊಳೆ ತನ್ನ ಪಾಡಿಗೆ ಹರೀತಿತ್ತು. ಮುಂದಿನ ಸಲ ನಿಜವಾದ ಎಚ್ಚರಿಕೆ ಬಂದರೆ ಅವರು ಏಳ್ತಾರಾ?

ಇನ್ನು ತಿದ್ದುಪಡಿ. ನೀವು ಬ್ಲಾಗಿನಲ್ಲಿ ತಪ್ಪು ಅಂಕಿ ಸರಿ ಮಾಡ್ತೀರಿ, ಮನಸ್ಸು ಹಗುರ ಆಗುತ್ತೆ. ಆದರೆ ನಾಲ್ಕು ಕಡೆ ಅಂಟಿಸಿದ ನಕಲು ಹಾಗೇ ಇರುತ್ತೆ, ಯಾಕಂದ್ರೆ ಇಂಥ ಬಹುತೇಕ ಪೈಪುಗಳು ಒಂದೇ ಕಡೆ ಹರಿಯೋವು. ಅಲ್ಲಿ ಯಾರೋ 'ಇದು ತಪ್ಪು ರೀ' ಅಂತ ಕಾಮೆಂಟು ಹಾಕಿರ್ತಾರೆ, ನೋಡೋರಿಲ್ಲ. ನಮ್ಮೂರಲ್ಲಿ ಡಂಗುರ ಸಾರೋನು ಕೂಡ ಹಲಗೆ ಬಾರಿಸಿ ಒಂದು ಗಳಿಗೆ ನಿಲ್ತಿದ್ದ, ಯಾರಾದರೂ ಏನಾದರೂ ಕೇಳಿದರೆ ಹೇಳಿ ಮುಂದಿನ ಓಣಿಗೆ ಹೋಗ್ತಿದ್ದ.

'ಓದುಗರು ಅಲ್ಲೇ ಇದ್ದಾರಲ್ಲ, ಏನ್ ಮಾಡೋದು?' ಅಂತೀರಿ. ಒಪ್ಪಿದೆ. ಹಾಗಾದರೆ ನೀವೇ ಅಲ್ಲಿಗೆ ಹೋಗಿ, ಎರಡು ಸಾಲು ಕೈಯಾರೆ ಬರೆದು ಲಿಂಕು ಕೊಡಿ, ಎರಡು ನಿಮಿಷದ ಕೆಲಸ. ಹೇಗೂ ಈ ಪೈಪುಗಳ ನಲ್ಲಿ ಇರೋದು ಬೇರೆಯವರ ಕೈಯಲ್ಲಿ. ಟ್ವಿಟರ್‌ಫೀಡ್ 2016ರಲ್ಲಿ ಮುಚ್ಚಿತು. 2018ರ ಆಗಸ್ಟಿನಿಂದ ಫೇಸ್‌ಬುಕ್ಕು ಹೊರಗಿನ ಆಪುಗಳು ನಮ್ಮ ಪ್ರೊಫೈಲಿಗೆ ತಾವಾಗೇ ಬರೆಯೋದನ್ನ ನಿಲ್ಲಿಸಿತು. 2023ರಲ್ಲಿ ಟ್ವಿಟರ್ ತನ್ನ ಎಪಿಐಗೆ ದುಡ್ಡು ಕೇಳಿದಾಗ ಎಷ್ಟೋ ಬ್ಲಾಗುಗಳ ಟ್ವೀಟು ಸದ್ದಿಲ್ಲದೆ ನಿಂತವು.

ಪ್ರವಾಸ ಕಥನ, ಕವನ, ಕರದಂಟಿನ ರೆಸಿಪಿ ಹಾಕೋರು ಬೇಕಾದರೆ ಆಟೋ ಬಿಟ್ಟುಕೊಳ್ಳಿ, ನನ್ನದೇನೂ ಹೋಗೋದಿಲ್ಲ. ಮಳೆ, ಹೊಳೆ, ರಸ್ತೆ, ಕರೆಂಟಿನ ಬಗ್ಗೆ ಬರೆಯೋರು ಮಾತ್ರ ಇವತ್ತೇ ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿ. ತಾರೀಖು, ಗಂಟೆ ಮೊದಲ ಸಾಲಿನಲ್ಲೇ ಇರಲಿ. ಸುದ್ದಿ ಸುಳ್ಳಾಗಿದ್ದರೆ 'ಸುಳ್ಳು' ಅನ್ನೋ ಪದದಿಂದಲೇ ತಲೆಬರಹ ಶುರು ಮಾಡಿ, ವ್ಯಾಕರಣ ಸ್ವಲ್ಪ ಸೊಟ್ಟಗಾದರೂ ಚಿಂತೆಯಿಲ್ಲ. ಒಪ್ಪದೇ ಇರೋರು ಕೆಳಗೆ ಕಾಮೆಂಟಿನಲ್ಲಿ ಜಗಳಕ್ಕೆ ಬನ್ನಿ, ಉತ್ತರ ನಾನೇ ಕೂತು ಬರೀತೀನಿ.