ಗಡಿಯಾಚೆಯ ಡಾಕ್ಟರಿಗೆ ಎರಡು ಸಾಲು ಬರೆಯಿರಿ

ತೆಲಂಗಾಣದ ಗಡಿಯೂರು ಜಹೀರಾಬಾದಿನ ನನ್ನ ಮೆಡಿಕಲ್ ಅಂಗಡಿಗೆ ಚೀಟಿಗಳು ಮೂರು ಕಡೆಯಿಂದ ಬರುತ್ತವೆ: ಊರಿನ ಕ್ಲಿನಿಕ್ಕುಗಳಿಂದ, ಬೀದರಿನಿಂದ, ಹೈದರಾಬಾದಿನಿಂದ. ನಾರಾಯಣಖೇಡದವರು ಬೀದರಿನ ಬಸ್ಸನ್ನೋ ಸಂಗಾರೆಡ್ಡಿಯ ಬಸ್ಸನ್ನೋ ಹಿಡಿಯುತ್ತಾರೆ. ತಾಂಡೂರಿನವರಲ್ಲಿ ಎಷ್ಟೋ ಜನ ವಾಡಿ ಕಡೆಯ ರೈಲು ಹತ್ತಿ ಕಲಬುರಗಿಗೆ ಹೋಗುತ್ತಾರೆ. 1956ರ ನವೆಂಬರ್ 1ರವರೆಗೆ ನಮ್ಮದೂ ಖೇಡದ್ದೂ ಬೀದರ್ ಜಿಲ್ಲೆ, ತಾಂಡೂರಿನದು ಗುಲ್ಬರ್ಗ. ರಾಜ್ಯ ಬದಲಾಯಿತು, ಆಮೇಲೆ ಜಿಲ್ಲೆಗಳ ಹೆಸರೂ ಬದಲಾದವು. ಮೈಗೆ ಹುಷಾರಿಲ್ಲದಾಗ ಜನ ಹಿಡಿಯುವ ದಾರಿ ಬದಲಾಗಿಲ್ಲ.

ಹೋಗಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ರೋಗಿಯ ಜೊತೆ ಅವನ ಕಾಗದ ಹೋಗುವುದಿಲ್ಲ.

ನ್ಯಾಲ್ಕಲ್ ಕಡೆಯ ಅಜ್ಜಿಯೊಬ್ಬರು ಬಂದು, "ತಮ್ಮಾ, ಕಾಲು ಬಾತಾವ, ಈ ಗುಳಿಗಿ ಕೊಡು" ಎಂದು ಹೊಸ ಚೀಟಿ ಮುಂದೆ ಹಿಡಿದರು. ಮೂತ್ರ ಹೆಚ್ಚು ಹೋಗಿಸಿ ಬಾವು ಇಳಿಸುವ ಮಾತ್ರೆ. ಮನೆಯಲ್ಲಿ ಇನ್ನೇನು ತಗೊಳ್ತಿದ್ದೀ ಅವ್ವಾ ಎಂದು ಕೇಳಿದರೆ ಪ್ಲಾಸ್ಟಿಕ್ ಚೀಲವನ್ನು ಕೌಂಟರಿನ ಮೇಲೆ ಸುರಿದರು. ಊರ ಡಾಕ್ಟರು ಬರೆದ ಬಿ.ಪಿ. ಗುಳಿಗೆ ಒಂದು, ಬೀದರಿನವರು ಬರೆದದ್ದು ಇನ್ನೊಂದು. ಮೇಲಿನ ಹೆಸರು ಬೇರೆ ಬೇರೆ, ಒಳಗಿರುವುದು ಎರಡರಲ್ಲೂ ಅಮ್ಲೋಡಿಪಿನ್. ಆ ಔಷಧ ಹೆಚ್ಚಾದರೆ ಪಾದ ಬಾಯುತ್ತದೆ. ಬಾತ ಪಾದ ನೋಡಿ ಮೂರನೆಯ ಡಾಕ್ಟರು ಮೂರನೆಯ ಗುಳಿಗೆ ಬರೆದಿದ್ದಾರೆ. ಮೂವರೂ ಒಳ್ಳೆಯ ಡಾಕ್ಟರುಗಳೇ. ಒಬ್ಬರ ಚೀಟಿಯನ್ನು ಇನ್ನೊಬ್ಬರು ಕಂಡಿಲ್ಲ, ಅಷ್ಟೇ. ಊರ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಎರಡು ಬಿ.ಪಿ. ಗುಳಿಗೆಗಳಲ್ಲಿ ಒಂದನ್ನು ನಿಲ್ಲಿಸಿದರು. ಬಾವು ಇಳಿಯಿತು, ಮೂರನೆಯ ಗುಳಿಗೆ ಬೇಕಾಗಲೇ ಇಲ್ಲ.

ಮೊದಲಿನ ಗುಳಿಗೆಯನ್ನು ಬೀದರಿನಲ್ಲಿ ಯಾಕೆ ತೋರಿಸಲಿಲ್ಲವೆಂದು ಅಜ್ಜಿಯನ್ನು ಕೇಳಿದ್ದೆ. "ಬೈತಾರ ಅಂತ ಮುಚ್ಚಿಟ್ಟೆ" ಎಂದರು.

ಈ ಮಾತನ್ನು ಡಾಕ್ಟರುಗಳು ಕೇಳಿಸಿಕೊಳ್ಳಬೇಕು. ಇನ್ನೊಬ್ಬರ ಹತ್ತಿರ ಹೋಗಿದ್ದೆ ಎಂದರೆ ಮುಖ ಸಿಂಡರಿಸುವವರು, ಹಳೆಯ ಚೀಟಿಯನ್ನು ಪಕ್ಕಕ್ಕೆ ತಳ್ಳಿ ಎಲ್ಲ ಪರೀಕ್ಷೆಗಳನ್ನೂ ಮತ್ತೆ ಬರೆಯುವವರು ಗಡಿಯ ಎರಡೂ ಬದಿಗೆ ಇದ್ದಾರೆ. ಅದರ ಹಿಂದೆ ಲ್ಯಾಬಿನ ಕಮಿಷನ್ ಎಷ್ಟು, ಬರೀ ಜಂಭ ಎಷ್ಟು ಎಂಬ ಲೆಕ್ಕ ನನಗೆ ಬೇಡ. ಬೈಸಿಕೊಂಡ ರೋಗಿ ಮುಂದಿನ ಸಲ ಸುಳ್ಳು ಹೇಳುತ್ತಾನೆ.

ಎರಡು ರಾಜ್ಯ, ಕಷ್ಟ ಎನ್ನುವವರಿಗೆ ಕ್ಷಯದ ಉದಾಹರಣೆ ಕೊಡುತ್ತೇನೆ. ತಾಂಡೂರಿನ ಫರಸಿ ಪಾಲಿಶ್ ಯುನಿಟ್ಟಿನ ಕೂಲಿಯಾಳು ಅಲ್ಲೇ ಟಿ.ಬಿ. ಔಷಧ ಶುರುಮಾಡಿ, ನಡುವೆ ಗಡಿಯಾಚೆ ಸೇಡಂನ ತನ್ನ ಊರಿಗೆ ಹೋದರೂ ಸರ್ಕಾರದ ಟಿ.ಬಿ. ಜಾಲತಾಣ ನಿಕ್ಷಯ್‌ನಲ್ಲಿರುವ ಅವನ ದಾಖಲೆಯನ್ನು ಅಲ್ಲಿಗೆ ವರ್ಗಾಯಿಸಬಹುದು, ಔಷಧ ಅಲ್ಲೇ ಮುಂದುವರಿಯುತ್ತದೆ. ಟಿ.ಬಿ.ಗೆ ಸಾಧ್ಯವಾದದ್ದು ಬಿ.ಪಿ., ಸಕ್ಕರೆ ಕಾಯಿಲೆಗೆ ಯಾಕೆ ಬೇಡ? ರೋಗಿಯ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಒಂದೆಡೆ ಜೋಡಿಸಲು 14 ಅಂಕಿಯ ಆಭಾ ಸಂಖ್ಯೆ ಇದೆಯಲ್ಲ ಎನ್ನಬಹುದು. ಇದೆ, ಒಳ್ಳೆಯದೇ. ಆದರೆ ಒಂದೇ ಕೋಣೆಯ ಕ್ಲಿನಿಕ್ಕಿನಲ್ಲಿ ಸಂಜೆಯ ಗದ್ದಲದ ನಡುವೆ ಕಂಪ್ಯೂಟರ್ ತೆರೆಯುವ ಡಾಕ್ಟರನ್ನು ನಾನಿನ್ನೂ ಕಂಡಿಲ್ಲ.

ಇಂಗ್ಲೆಂಡಿನಲ್ಲಿ 2019ರಿಂದ ಅಕ್ಕಪಕ್ಕದ ಕ್ಲಿನಿಕ್ಕುಗಳು 30ರಿಂದ 50 ಸಾವಿರ ರೋಗಿಗಳಿಗೊಂದರಂತೆ ಗುಂಪು ಕಟ್ಟಿಕೊಂಡಿವೆ. ಹಲವು ಗುಳಿಗೆ ನುಂಗುವ ವಯಸ್ಸಾದವರ ಔಷಧವನ್ನೆಲ್ಲ ಕೂತು ಪರಿಶೀಲಿಸಲು ಗುಂಪಿಗೆ ಫಾರ್ಮಸಿಸ್ಟ್ ಇರುತ್ತಾನಂತೆ. ಓದಿ ಹೊಟ್ಟೆಕಿಚ್ಚಾಯಿತು. ನಮ್ಮ ಬಯಲು ಸೀಮೆಯಲ್ಲೂ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸರ್ಕಾರ ಹಿಡಿದ ಲೆಕ್ಕ 30 ಸಾವಿರ ಜನವೇ.

ಅವರವರ ರಾಜ್ಯದಲ್ಲೇ ತೋರಿಸಿಕೊಳ್ಳಲಿ ಎಂಬ ವಾದವನ್ನು 2021ರ ಮೇ ತಿಂಗಳಲ್ಲಿ ನೋಡಿಯಾಗಿದೆ. ಆಸ್ಪತ್ರೆಯ ಮುಂಗಡ ಒಪ್ಪಿಗೆಯಿಲ್ಲದ ಹೊರರಾಜ್ಯದ ಕೋವಿಡ್ ರೋಗಿಗಳ ಆಂಬುಲೆನ್ಸನ್ನು ತೆಲಂಗಾಣ ಗಡಿಯಲ್ಲೇ ತಡೆಯಿತು. ಕೆಲವೇ ದಿನಗಳಲ್ಲಿ ಇಲ್ಲಿನ ಹೈಕೋರ್ಟೇ ಆ ಸುತ್ತೋಲೆಗೆ ತಡೆ ಹಾಕಿತು.

ಬೀದರ್, ಸಂಗಾರೆಡ್ಡಿಯ ಜಿಲ್ಲಾ ಆರೋಗ್ಯಾಧಿಕಾರಿಗಳು ಎರಡೂ ಕಡೆಯ ಖಾಸಗಿ ಡಾಕ್ಟರುಗಳನ್ನು ಕರೆದು ಒಂದು ದಿನ ಕೂರಲಿ. ಕಲಬುರಗಿ, ವಿಕಾರಾಬಾದಿನವರು ತಾಂಡೂರಿಗಾಗಿ ಹಾಗೇ ಮಾಡಲಿ. ಬಿ.ಪಿ., ಸಕ್ಕರೆ ಕಾಯಿಲೆಯವರ ಕೈಗೆ ಒಂದೊಂದು ಪುಸ್ತಕ ಕೊಡಿ. ಯಾವ ಡಾಕ್ಟರು ನೋಡಿದರೂ ತಾರೀಖು, ಬಿ.ಪಿ. ಎಷ್ಟು, ಯಾವ ಔಷಧ, ಯಾಕೆ ಬದಲಿಸಿದೆ ಎಂದು ಎರಡು ಸಾಲು ಬರೆದು ಕೆಳಗೆ ಫೋನ್ ನಂಬರ್ ಹಾಕಲಿ. ಔಷಧದ ಮೂಲ ಹೆಸರನ್ನು ಓದಲು ಬರುವಂತೆ ಬರೆಯಬೇಕೆಂದು ವೈದ್ಯಕೀಯ ಮಂಡಳಿ 2016ರಲ್ಲೇ ಹೇಳಿದೆ, ಅದನ್ನಾದರೂ ಪಾಲಿಸಲಿ. ಅಚ್ಚಿನ ಖರ್ಚನ್ನು ನಾವು ಅಂಗಡಿಯವರು ಹಂಚಿಕೊಳ್ಳಬಹುದು. ಜಹೀರಾಬಾದಿನ ಪಾಲು ಕೇಳುವವರು ಮೊದಲು ನನ್ನ ಅಂಗಡಿಗೇ ಬರಲಿ.