ಮಗಳ ಪಾಲು ದಾನವಲ್ಲ, ನ್ಯಾಯ

ಕೇರಳದ ಕೋಟ್ಟಯಂನಲ್ಲಿ 2022ರ ಸೆಪ್ಟೆಂಬರ್ 1ರಂದು ನಿಧನರಾದ ಶ್ರೀಮತಿ ಮೇರಿ ರಾಯ್ ಅವರನ್ನು ನಮ್ಮಲ್ಲಿ ಹಲವರು ಲೇಖಕಿ ಅರುಂಧತಿ ರಾಯ್ ಅವರ ತಾಯಿಯೆಂದು ಮಾತ್ರ ಬಲ್ಲರು. ಆದರೆ ಕ್ರೈಸ್ತ ಕುಟುಂಬಗಳ ಮುಂದೆ ಅವರು ಇರಿಸಿದ ಪ್ರಶ್ನೆಯೊಂದು ಇಂದಿಗೂ ಉಳಿದಿದೆ. ತಂದೆಯ ಆಸ್ತಿಯಲ್ಲಿ ಮಗಳಿಗೆ ಸಲ್ಲುವುದು ಹಕ್ಕೋ, ಅನುಗ್ರಹವೋ?

ಸುರಿಯಾನಿ ಕ್ರೈಸ್ತ ಮನೆತನದಲ್ಲಿ 1933ರಲ್ಲಿ ಜನಿಸಿದ ಮೇರಿ ರಾಯ್, ದಾಂಪತ್ಯ ಮುರಿದಾಗ ಇಬ್ಬರು ಮಕ್ಕಳೊಂದಿಗೆ ಊಟಿಯಲ್ಲಿದ್ದ ತಂದೆಯ ಮನೆಯಲ್ಲಿ ಆಶ್ರಯ ಪಡೆದರು. ಆ ಮನೆಯಲ್ಲಿ ಮಗಳಿಗೆ ಹಕ್ಕಿಲ್ಲವೆಂಬ ಮಾತನ್ನು ಒಡಹುಟ್ಟಿದವರಿಂದಲೇ ಕೇಳಬೇಕಾಯಿತು. 1967ರಲ್ಲಿ ಕೋಟ್ಟಯಂನಲ್ಲಿ ಶಾಲೆಯೊಂದನ್ನು ತೆರೆದು ಸ್ವಂತ ದುಡಿಮೆಯಿಂದ ನಿಂತರು. ಮುಂದೆ ಅದು 'ಪಳ್ಳಿಕ್ಕೂಡಂ' ಎಂದು ಹೆಸರಾಯಿತು.

ತಿರುವಾಂಕೂರು ಸಂಸ್ಥಾನದ 1916ರ ಕ್ರೈಸ್ತ ಉತ್ತರಾಧಿಕಾರ ಕಾಯಿದೆಯಂತೆ, ಉಯಿಲು ಬರೆಯದೆ ತಂದೆ ತೀರಿಕೊಂಡರೆ ಮಗಳಿಗೆ ದೊರೆಯುತ್ತಿದ್ದುದು ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಕಡಿಮೆಯಾದುದು. ಸ್ತ್ರೀಧನ ಪಡೆದವಳಿಗೆ ಅದೂ ಇಲ್ಲ. 1983ರಲ್ಲಿ ಮೇರಿ ರಾಯ್ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 1986ರ ಫೆಬ್ರವರಿ 24ರಂದು ತೀರ್ಪು ಬಂದಿತು: 1951ರಿಂದಲೇ ಅಲ್ಲಿನ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ, ಅದರಲ್ಲಿ ಮಗ ಮಗಳೆಂಬ ಭೇದವಿಲ್ಲ.

ಈ ತೀರ್ಪನ್ನು ಸ್ವಾಗತಿಸಬೇಕಾಗಿದ್ದ ಧರ್ಮಸಭೆಯೊಳಗಿಂದಲೇ ವಿರೋಧದ ದನಿಗಳೆದ್ದವು ಎಂಬುದನ್ನು ನಾವು ಗುರುಗಳು ವಿನಯದಿಂದ ಒಪ್ಪಿಕೊಳ್ಳಬೇಕು. ಕುಟುಂಬದ ಐಕ್ಯಕ್ಕೆ ಧಕ್ಕೆಯಾಗುವುದೆಂಬುದು ಅವರ ಆಕ್ಷೇಪ. ಆದರೆ ಒಬ್ಬಳ ಮೌನದ ಮೇಲೆ ನಿಂತ ಐಕ್ಯವು ಐಕ್ಯವೆನಿಸೀತೇ?

ಕರ್ನಾಟಕದ ಕ್ರೈಸ್ತರಾದ ನಮಗೂ ಅನ್ವಯಿಸುವುದು ಅದೇ 1925ರ ಕಾಯಿದೆ. ಉಯಿಲಿಲ್ಲದೆ ತಂದೆ ತೀರಿಕೊಂಡರೆ ಮೂರನೆಯ ಒಂದು ಭಾಗ ತಾಯಿಗೆ. ಉಳಿದುದು ಮಕ್ಕಳೆಲ್ಲರಿಗೂ ಸಮವಾಗಿ. ಆದರೆ ಉಯಿಲು ಬರೆಯುವವನ ಕೈಯನ್ನು ಈ ಸಮಾನತೆ ಕಟ್ಟಿಹಾಕದು. ತಂದೆ ಮಗಳ ಹೆಸರನ್ನೇ ಬಿಟ್ಟು ಬರೆಯಬಹುದು. ಇಲ್ಲವೇ, ಆತನ ಮರಣಾನಂತರ ಅಣ್ಣತಮ್ಮಂದಿರು ಹಕ್ಕು ಬಿಡುಗಡೆ ಪತ್ರವನ್ನು ಮುಂದಿಡಬಹುದು. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ತಂಗಿ ರುಜು ಹಾಕಿದರೆ, ಅದನ್ನು ಸ್ವಇಚ್ಛೆಯೆಂದು ಕರೆಯಲಾಗದು. ಮದುವೆಯಲ್ಲಿ ಬಂಗಾರ ಕೊಟ್ಟಿದ್ದೇವಲ್ಲ ಎನ್ನುವವರುಂಟು. ಮಗನ ವಿದ್ಯಾಭ್ಯಾಸಕ್ಕೂ ಮದುವೆಗೂ ಆದ ವೆಚ್ಚವನ್ನು ಆತನ ಪಾಲಿನಿಂದ ಕಳೆದವರೆಷ್ಟು ಮಂದಿ?

ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ಸ್ಥಿರವಾದ ಸಂಕಲ್ಪವೇ ನ್ಯಾಯವೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ದಾನವಾದರೋ ನಮ್ಮದನ್ನು ಕೊಡುವುದು. ಮಗಳ ಪಾಲನ್ನು ದಾನವೆಂದೆಣಿಸುವ ತಂದೆ ಈ ಎರಡನ್ನೂ ಬೆರೆಸುತ್ತಾನೆ. ಸಂಖ್ಯಾಕಾಂಡದ 27ನೆಯ ಅಧ್ಯಾಯದಲ್ಲಿ, ಸಹೋದರರಿಲ್ಲದ ಐವರು ಅಕ್ಕತಂಗಿಯರು ಮೋಶೆಯ ಮುಂದೆ ನಿಂತು ತಂದೆಯ ಸ್ವಾಸ್ತ್ಯವನ್ನು ಕೇಳಿದರು. ಅವರ ಬೇಡಿಕೆ ನ್ಯಾಯವಾದುದೆಂದು ದೇವರೇ ಹೇಳಿದರು.

ಮೇರಿ ರಾಯ್ ಅವರಿಗೆ ತೀರ್ಪಿನ ಬಳಿಕವೂ ಪಾಲು ಕೈಸೇರಲು ಎರಡು ದಶಕಗಳಿಗೂ ಮಿಕ್ಕಿ ಕಾಯಬೇಕಾಯಿತು. ನಮ್ಮ ಮನೆಗಳ ಹೆಣ್ಣುಮಕ್ಕಳು ನ್ಯಾಯಾಲಯದ ಮೆಟ್ಟಿಲೇರಬೇಕಾಗಿ ಬಾರದಿರಲಿ. ಉಯಿಲು ಬರೆಯಲು ಕುಳಿತ ತಂದೆ ತನ್ನ ಅಂತಃಸಾಕ್ಷಿಯ ಮುಂದೆ ಮಕ್ಕಳೆಲ್ಲರ ಹೆಸರನ್ನೂ ಒಮ್ಮೆ ಓದಿಕೊಳ್ಳಲಿ. ದೀಕ್ಷಾಸ್ನಾನದ ದಿನ ಆ ಹೆಸರುಗಳಲ್ಲಿ ಹೆಚ್ಚು ಕಡಿಮೆ ಎಂಬುದಿರಲಿಲ್ಲ.